ಮೂಕ ಗೆಳೆಯರು

ಕಾರ ಹುಣ್ಣಿಮೆಯಂದು ದೇವದುರ್ಗ, ಮಾನ್ವಿಗಳ ಸುತ್ತಲಿನ ಹಳ್ಳಿಗಳಲ್ಲಿ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಗೆಜ್ಜೆ ಕಟ್ಟುವವರಲ್ಲಿ ಮಕ್ಕಳೂ ಇರುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆ ಬಂದಿತೆಂದರೆ ರಾಯಚೂರು ನಗರದ ಮನೆಗಳಲ್ಲಿಯೂ ಮಣ್ಣಿನ ಎತ್ತುಗಳು ಪೂಜೆಗೊಳ್ಳುತ್ತವೆ. ದನಕರುಗಳ ನಡುವೆ ಬೆಳೆದ ಈ ಮಕ್ಕಳು ಶಾಲೆಯ ಹೊಸ್ತಿಲು ದಾಟುವಾಗ ಆ ನಂಟನ್ನು ಹೊರಗೇ ಬಿಟ್ಟುಬರಬೇಕೆ?

ಇದು ಬರಿಯ ಭಾವುಕತೆಯ ಪ್ರಶ್ನೆಯಲ್ಲ. ದುಡಿಮೆಯನ್ನರಸಿ ಈ ಸೀಮೆಯ ಎಷ್ಟೋ ತಂದೆತಾಯಿಗಳು ಬೆಂಗಳೂರಿನಂತಹ ದೂರದ ಊರುಗಳಿಗೆ ಹೋಗುತ್ತಾರೆ. ಅಜ್ಜಿಯ ಬಳಿ ಉಳಿದ ಮಗು ತನ್ನ ದುಃಖವನ್ನು ಗುರುಗಳ ಮುಂದೆ ಹೇಳಲಾರದು. ಕರುವಿನ ಕೊರಳು ತಬ್ಬಿ ಹೇಳಿಕೊಂಡೀತು. ಪ್ರಾಣಿಯು ತಪ್ಪನ್ನು ಎಣಿಸುವುದಿಲ್ಲ, ಅಂಕಗಳನ್ನು ಕೇಳುವುದಿಲ್ಲ.

ವಿದ್ವಾಂಸರೂ ಇದನ್ನು ಗಮನಿಸಿದ್ದಾರೆ. ಒಳಗೇ ಮುದುಡಿಕೊಂಡಿದ್ದ ಬಾಲಕನೊಬ್ಬನು ತಮ್ಮ ನಾಯಿ ಜಿಂಗಲ್ಸ್‌ನೊಡನೆ ಸಲುಗೆಯಿಂದ ಇದ್ದುದನ್ನು ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ ಕಂಡರು. ಮಕ್ಕಳ ಚಿಕಿತ್ಸೆಯಲ್ಲಿ ನಾಯಿಯ ನೆರವನ್ನು ಕುರಿತು 1962ರಲ್ಲಿ ಲೇಖನವನ್ನು ಪ್ರಕಟಿಸಿದರು. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 1999ರಲ್ಲಿ, ಪಳಗಿದ ನಾಯಿಯ ಪಕ್ಕದಲ್ಲಿ ಕುಳಿತು ಮಕ್ಕಳು ಗಟ್ಟಿಯಾಗಿ ಓದುವ ಕಾರ್ಯಕ್ರಮವು ಆರಂಭವಾಯಿತು. ತಡವರಿಸಿ ಓದುವ ಮಗುವನ್ನು ನಾಯಿಯು ಹಂಗಿಸುವುದಿಲ್ಲವಷ್ಟೆ.

ಹಾಗೆಂದು ಬೀದಿನಾಯಿಗಳನ್ನು ಶಾಲೆಯ ಅಂಗಳಕ್ಕೆ ಕರೆಯುವುದು ವಿವೇಕವಲ್ಲ. ರೇಬೀಸ್ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಬಹುಮಟ್ಟಿಗೆ ಅಸಾಧ್ಯ. ಬೀದಿನಾಯಿಗಳು ನುಗ್ಗದಂತೆ ಶಾಲೆಗಳ ಆವರಣವನ್ನು ಭದ್ರಪಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್‌ನಲ್ಲಿ ಆದೇಶಿಸಿತು. ಪ್ರಾಣಿಗೆ ಅಂಜುವ ಮಗುವನ್ನು ಬಲವಂತಪಡಿಸಬಾರದು. ಬೆದರಿದ ಪ್ರಾಣಿಯನ್ನು ಮಕ್ಕಳ ನಡುವೆ ನಿಲ್ಲಿಸಲೂಬಾರದು. ಮಗುವಿನ ಸಾಂತ್ವನಕ್ಕಾಗಿ ಹಕ್ಕಿಯನ್ನು ಪಂಜರದಲ್ಲಿಡುವುದು ದಯೆಯೆನಿಸದು.

ಹಾಗಾದರೆ ಮಾಡಬೇಕಾದುದೇನು? ಪಶುವೈದ್ಯರು ಪರೀಕ್ಷಿಸಿದ, ಚುಚ್ಚುಮದ್ದು ಪಡೆದ ಸಾಧು ಪ್ರಾಣಿಯನ್ನು ಅದರ ಒಡೆಯನ ಸಂಗಡ ಆಗಾಗ ಶಾಲೆಗೆ ಬರಮಾಡಿಕೊಳ್ಳಬಹುದು. ಅದೂ ಆಗದಿದ್ದರೆ, ರಾಯಚೂರಿನ ಬಿರುಬೇಸಗೆಯಲ್ಲಿ ಬೇವಿನ ನೆರಳಿಗೆ ಹಕ್ಕಿಗಳಿಗಾಗಿ ನೀರಿನ ಮಡಕೆ ಇಡುವ ಸರದಿಯನ್ನು ಮಕ್ಕಳಿಗೆ ವಹಿಸಬಹುದು. ಇದಕ್ಕೆ ಹಣ ಬೇಡ, ಮನಸ್ಸು ಸಾಕು. ಇವು ಗುರುವಿನ ಒಲವಿಗಾಗಲಿ ವೈದ್ಯರ ನೆರವಿಗಾಗಲಿ ಬದಲಿಯಲ್ಲ. ಮುಚ್ಚಿದ ಮನಸ್ಸು ತೆರೆಯಲು ಒಂದು ದಾರಿ.

ಜೀವಿಗಳಲ್ಲಿ ದಯೆ ತೋರುವುದು ನಾಗರಿಕರ ಮೂಲಭೂತ ಕರ್ತವ್ಯವೆಂದು 1976ರ ತಿದ್ದುಪಡಿಯು ಸಂವಿಧಾನಕ್ಕೆ ಸೇರಿಸಿತು. ಆ ಕರ್ತವ್ಯವನ್ನು ಪಾಲಿಸುವ ಮಗುವಿಗೆ ಫಲವೂ ಉಂಟು. ತನ್ನ ಕೈಯ ನೀರಿಗಾಗಿ ಕಾದಿರುವ ಜೀವವೊಂದಿದೆ ಎಂದು ತಿಳಿದ ಮಗು, ತಾನೂ ಈ ಲೋಕಕ್ಕೆ ಬೇಕಾದ ಜೀವವೆಂದು ಅರಿಯುತ್ತದೆ.