ತಬಲಾ ಎಲ್ಲಿ ಹೋಯಿತು?

ಕಳೆದ ಕ್ರಿಸ್‌ಮಸ್‌ಗೆ ಮುಂಚೆ ನಾವು ಗಾನವೃಂದದವರು ಎರಡು ಹಾಡುಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಒಂದೇ ಹೆಡ್‌ಫೋನನ್ನು ಕೈಯಿಂದ ಕೈಗೆ ದಾಟಿಸುತ್ತಾ ಮಿಕ್ಸಿಂಗ್ ಮಾಡಿದೆವು. ವಾಲ್ಯೂಮ್ ಪೂರ್ತಿ ಏರಿಸಿದ್ದೆವು. ತಬಲಾದ ಎಡಗೈ ಪೆಟ್ಟು, ಕೀಬೋರ್ಡಿನ ಬೇಸ್ ಎರಡೂ ಗುದ್ದಿದಂತೆ ಕೇಳುತ್ತಿದ್ದವು. ಹೆಚ್ಚಾಯಿತೆಂದು ಬೇಸನ್ನು ಸ್ವಲ್ಪ ಇಳಿಸಿದೆವು ಕೂಡ. ರಾತ್ರಿ ಮನೆಯಲ್ಲಿ ಅದೇ ಹೆಡ್‌ಫೋನಿನಲ್ಲಿ ಸಣ್ಣಗೆ ಹಾಕಿ ಕೇಳಿದರೆ ಹಾಡು ಬಡಕಲು, ತಬಲಾ ನಾಪತ್ತೆ! ನಾವು ಬೈದದ್ದು ಹೆಡ್‌ಫೋನನ್ನು.

ತಪ್ಪು ಅದರದ್ದಲ್ಲ. ನಮ್ಮ ಕಿವಿ ಎಲ್ಲ ಸ್ವರಗಳನ್ನೂ ಒಂದೇ ರೀತಿ ಕೇಳುವುದಿಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು 1933ರಲ್ಲಿ ಪ್ರಕಟಿಸಿದರು. ಅವರು ಜನರಿಗೆ ಸ್ವರಗಳನ್ನು ಕೇಳಿಸಿದ್ದು ಹೆಡ್‌ಫೋನಿನಲ್ಲೇ. ಈಗಿನ ಅಳತೆಯಂತೆ 1000 ಹರ್ಟ್ಸ್‌ನ ಸ್ವರ 40 ಡೆಸಿಬೆಲ್ ಇದ್ದರೆ, ಅಷ್ಟೇ ಜೋರಾಗಿ ಕೇಳಲು 100 ಹರ್ಟ್ಸ್‌ನ ತಗ್ಗು ಸ್ವರಕ್ಕೆ ಸುಮಾರು 64 ಡೆಸಿಬೆಲ್ ಬೇಕು. ಶಬ್ದ ಏರಿಸಿದಂತೆ ಈ ಅಂತರ ಕಡಿಮೆಯಾಗುತ್ತದೆ. ಹಾಗಾಗಿ ವಾಲ್ಯೂಮ್ ಇಳಿಸಿದಾಗ ಮೊದಲು ಮರೆಯಾಗುವುದು ಬೇಸ್. ಅಪ್ಪಂದಿರ ಕಾಲದ ಕೆಲವು ಸ್ಟೀರಿಯೋಗಳಲ್ಲಿ ‘ಲೌಡ್‌ನೆಸ್’ ಎಂಬ ಗುಂಡಿ ಇರುತ್ತಿತ್ತಲ್ಲ, ಅದು ಇದ್ದದ್ದು ಇದಕ್ಕೇ: ಸಣ್ಣಗೆ ಕೇಳುವಾಗ ಬೇಸನ್ನು ಎತ್ತಿ ಕೊಡಲು. ಅದನ್ನು ಸದಾ ಒತ್ತಿಯೇ ಇಡುತ್ತಿದ್ದ ಮನೆಗಳೂ ನಮಗೆ ಗೊತ್ತು.

ಇದರಿಂದ ಕೊಳ್ಳುವಾಗಲೂ ಮೋಸ ಹೋಗುತ್ತೇವೆ. ಆದೋನಿಯ ಅಂಗಡಿಯಲ್ಲಿ ಎರಡು ಹೆಡ್‌ಫೋನ್ ಹಾಕಿ ನೋಡಿದಾಗ, ಸ್ವಲ್ಪ ಜೋರಾಗಿ ಕೇಳುವುದೇ ಒಳ್ಳೆಯದೆನಿಸುತ್ತದೆ. ಫೋನಿನ ಗೆರೆ ಒಂದೇ ಕಡೆ ಇದ್ದರೂ ಎರಡರ ಶಬ್ದ ಒಂದೇ ಇರುವುದಿಲ್ಲ. ಕಿವಿಗೆ ಎರಡೂ ಸಮ ಅನಿಸುವವರೆಗೆ ಹೊಂದಿಸಿ, ನಿಮಗೆ ಚೆನ್ನಾಗಿ ಗೊತ್ತಿರುವ ಹಾಡನ್ನೇ ಕೇಳಿ. ಕಿವಿಯೊಳಗೆ ಇಡುವ ಬಡ್ಸ್ ಆದರೆ ಸರಿಯಾಗಿ ಕೂತಿದೆಯೇ ನೋಡಿ. ಸಂದು ಬಿಟ್ಟರೆ ಬೇಸ್ ಸೋರಿಹೋಗುತ್ತದೆ.

ನಮಗೆ ಹೆಚ್ಚು ಚಿಂತೆ ಇರುವುದು ರೈಲಿನ ಬಗ್ಗೆ. ಕೋಸಗಿಯಿಂದ ಆದೋನಿಗೆ ಕಾಲೇಜಿಗೆ ಹೋಗುವವರು ಕಿಟಕಿ ಪಕ್ಕ ಕೂತು ಹಾಡು ಹಾಕುತ್ತಾರೆ. ಗಾಡಿಯ ಗಡಗಡ ಸದ್ದು ತಗ್ಗು ಸ್ವರಗಳನ್ನೇ ಮೊದಲು ನುಂಗುತ್ತದೆ. ಬೇಸ್ ಬೇಕೆಂದು ಏರಿಸುತ್ತೇವೆ. ಏರಿದ್ದು ಬೇಸ್ ಒಂದೇ ಅಲ್ಲ, ಎಲ್ಲವೂ. ಇಳಿದ ಮೇಲೂ ವಾಲ್ಯೂಮ್ ಅಲ್ಲೇ ನಿಂತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ ಕೇವಲ 4 ಗಂಟೆ. ಒಳಕಿವಿಯ ಸೂಕ್ಷ್ಮ ಕೂದಲ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಶ್ರುತಿ ಹಿಡಿದು ಹಾಡಬೇಕಾದವರು ನಾವೇ ಅಲ್ಲವೇ?

‘ಸಣ್ಣಗೆ ಕೇಳಿದರೆ ಮಜಾ ಇಲ್ಲ’ ಎನ್ನುವವರಿದ್ದಾರೆ. ನಿಜ, ಮೊದಲ ಐದು ನಿಮಿಷ ಇರುವುದಿಲ್ಲ. ಫೋನಿನ ಈಕ್ವಲೈಜರಿನಲ್ಲಿ ಬೇಸನ್ನು ಸ್ವಲ್ಪ ಏರಿಸಿ, ಒಟ್ಟು ವಾಲ್ಯೂಮ್ ಇಳಿಸಿ ನೋಡಿ.

ನಾವು ಆ ಎರಡು ಹಾಡುಗಳನ್ನು ಮತ್ತೆ ಮಿಕ್ಸ್ ಮಾಡಿದೆವು, ಪಕ್ಕದವರ ಮಾತು ಕೇಳುವಷ್ಟು ಸಣ್ಣ ಶಬ್ದದಲ್ಲಿ. ಈ ಸಲ ತಬಲಾ ಬಾರಿಸಿದವನಿಗೆ ಸಮಾಧಾನ. ಕೀಬೋರ್ಡಿನವನದು ಮಾತ್ರ ಇನ್ನೂ ತಕರಾರಿದೆ.