ಎರಡೇ ಆಯ್ಕೆ, ಎರಡೂ ಹೊರಡುವುದಕ್ಕೆ

ಹುಲಿ ಸಂರಕ್ಷಿತ ಪ್ರದೇಶಗಳಿಂದ ಜನರನ್ನು ಹೊರಕ್ಕೆ ಕಳಿಸುವ ಯೋಜನೆಗೆ ಸರಕಾರ ಇಟ್ಟ ಹೆಸರು ‘ಸ್ವಯಂಪ್ರೇರಿತ ಸ್ಥಳಾಂತರ’. ಉಳವಿಯ ಸುತ್ತಲಿನ ಕಾಡು 2007ರಲ್ಲಿ ಅಣಶಿ-ದಾಂಡೇಲಿ ಹುಲಿ ಸಂರಕ್ಷಿತ ಪ್ರದೇಶದ ಭಾಗವಾಯಿತು. 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. 2008ರ ಮಾರ್ಗಸೂಚಿಯಲ್ಲಿ ಕುಟುಂಬವೊಂದಕ್ಕೆ ಹತ್ತು ಲಕ್ಷ ರೂಪಾಯಿ ನಿಗದಿಯಾಗಿತ್ತು. 2021ರಲ್ಲಿ ಅದು ಹದಿನೈದು ಲಕ್ಷವಾಯಿತು. ಕುಟುಂಬದ ಮುಂದೆ ಎರಡು ಆಯ್ಕೆಗಳಿವೆ. ಹಣ ಪಡೆದು ತಾನಾಗಿ ಹೊರಡುವುದು ಮೊದಲನೆಯದು. ಇಲಾಖೆ ತೋರಿಸಿದಲ್ಲಿ ಭೂಮಿ, ಮನೆ ಪಡೆದು ನೆಲೆಸುವುದು ಎರಡನೆಯದು. ಹೇಗೆ ಹೋಗಬೇಕೆಂಬುದನ್ನು ಆರಿಸಲು ಇಲ್ಲಿ ಅವಕಾಶವುಂಟು. ಹೋಗಬೇಕೆ ಎಂಬ ಪ್ರಶ್ನೆಗೆ ಆ ಕಾಗದದಲ್ಲಿ ಸ್ಥಳವಿಲ್ಲ.

ಬೇರೆ ಕ್ಷೇತ್ರಗಳಲ್ಲಿ ಆಯ್ಕೆಯೆಂಬ ಪದವನ್ನು ಇಷ್ಟು ಅಗ್ಗವಾಗಿ ಯಾರೂ ಬಳಸುವುದಿಲ್ಲ. 1872ರ ಕರಾರು ಕಾಯಿದೆಯೇ, ಬ್ರಿಟಿಷರ ಕಾಲದ್ದಾದರೂ, ಬಲವಂತ, ಅನುಚಿತ ಪ್ರಭಾವ, ಮೋಸ, ತಪ್ಪು ನಿರೂಪಣೆಗಳಿಂದ ಪಡೆದ ಸಮ್ಮತಿಯನ್ನು ಮುಕ್ತ ಸಮ್ಮತಿಯೆಂದು ಒಪ್ಪುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ಅದರ ಅಪಾಯವನ್ನೂ ಬದಲಿ ದಾರಿಯನ್ನೂ ವೈದ್ಯ ತಿಳಿಸಲೇಬೇಕು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಮತಯಂತ್ರದಲ್ಲಿಯೂ ‘ಮೇಲಿನ ಯಾರೂ ಅಲ್ಲ’ ಎಂಬ ಗುಂಡಿ ಬಂತು. ಐದು ವರ್ಷಕ್ಕೊಮ್ಮೆ ಬರುವ ಮತಗಟ್ಟೆಯಲ್ಲಿ ಬೇಡವೆನ್ನಲು ಅವಕಾಶವಿರುವಾಗ, ತಲೆಮಾರುಗಳ ಮನೆಯನ್ನು ಬಿಡುವ ಕಾಗದದಲ್ಲಿ ಅದೇಕಿಲ್ಲ?

ಉಳಿಯುವವರನ್ನು ಯಾರೂ ತಳ್ಳುತ್ತಿಲ್ಲವೆಂಬ ಉತ್ತರ ಸಿದ್ಧವಾಗಿದೆ. ತಳ್ಳುವುದಕ್ಕೆ ಕೈಯೇ ಬೇಕೆಂದಿಲ್ಲ. ಮಳೆಗಾಲದಲ್ಲಿ ಹಳ್ಳಕ್ಕೆ ಸೇತುವೆಯಿಲ್ಲ. ರಸ್ತೆ ಕೇಳಿದರೆ ಅರಣ್ಯ ಕಾಯಿದೆ ಅಡ್ಡ ಬರುತ್ತದೆ. ಬಸುರಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಕಾಡುದಾರಿ ನಡೆದ ಮನೆಯವರು ಹದಿನೈದು ಲಕ್ಷದ ಕಾಗದಕ್ಕೆ ಸಹಿ ಹಾಕಿದರೆ ಅದನ್ನು ಸ್ವಇಚ್ಛೆಯೆನ್ನಬೇಕೋ ದಣಿವೆನ್ನಬೇಕೋ? ಜನರು ಏನನ್ನು ಆರಿಸಿದರೋ ಅದೇ ಅವರ ಬಯಕೆಯೆಂದು ಅರ್ಥಶಾಸ್ತ್ರದ ಒಂದು ಪಂಥ ಹೇಳುತ್ತದೆ. ಅಮರ್ತ್ಯ ಸೇನ್ ಅದನ್ನು ಪ್ರಶ್ನಿಸಿ ದಶಕಗಳಾದವು. ಎದುರಿಗೆ ಏನೇನಿತ್ತೆಂದು ನೋಡದೆ ಕೈ ಹಾಕಿದ್ದನ್ನು ಮಾತ್ರ ನೋಡಿದರೆ ಉಪವಾಸವೂ ವ್ರತದಂತೆ ಕಂಡೀತು.

ಕಾಯಿದೆ ಈ ವಿಷಯದಲ್ಲಿ ಇಲಾಖೆಗಿಂತ ಪ್ರಾಮಾಣಿಕವಾಗಿದೆ. ವನ್ಯಜೀವಿ ಕಾಯಿದೆಗೆ 2006ರಲ್ಲಿ ಸೇರಿದ 38-ವಿ ಕಲಮಿನ ಪ್ರಕಾರ ಮೊದಲು ಹಕ್ಕುಗಳ ಮಾನ್ಯತೆ ಮುಗಿಯಬೇಕು. ಜನರೂ ವನ್ಯಜೀವಿಗಳೂ ಒಟ್ಟಿಗೆ ಬಾಳುವ ದಾರಿಯಿಲ್ಲವೆಂದು ಸಿದ್ಧವಾಗಬೇಕು. ಗ್ರಾಮಸಭೆ ವಿಷಯವನ್ನು ತಿಳಿದು ಒಪ್ಪಬೇಕು. ಈ ಕ್ರಮವನ್ನು ತಿರುಗಿಸಿದರೆ ಹಕ್ಕುಪತ್ರವಿಲ್ಲದವನು ಬೆಲೆ ಮಾತಾಡಲು ಕೂತಂತಾಗುತ್ತದೆ. ಜೋಯಿಡಾದ ಕುಣಬಿಗಳ ಕಷ್ಟ ಇಲ್ಲಿ ಇಮ್ಮಡಿ. ಗೋವೆಯಲ್ಲಿ 2003ರಲ್ಲಿ ಪರಿಶಿಷ್ಟ ಪಂಗಡವೆನಿಸಿದ ಜನ, ಗಡಿ ದಾಟಿ ಈಚೆ ಬಂದರೆ ಹಾಗಲ್ಲ. ಆದ್ದರಿಂದ ಅರಣ್ಯ ಹಕ್ಕು ಕಾಯಿದೆಯಡಿ ಇವರು ಮೂರು ತಲೆಮಾರಿನ, ಎಂದರೆ 2005ರ ಡಿಸೆಂಬರ್ 13ಕ್ಕೆ ಮುನ್ನ ಎಪ್ಪತ್ತೈದು ವರ್ಷಗಳ, ವಾಸವನ್ನು ತೋರಿಸಬೇಕು. ಕುಮರಿ ಬೇಸಾಯವನ್ನು ಬ್ರಿಟಿಷರು ನಿರ್ಬಂಧಿಸಿದ ಕಾಲದಿಂದ ಇಲ್ಲಿಯೇ ಇದ್ದವರಿಗೆ, ಗೆಡ್ಡೆ-ಗೆಣಸಿನ ತಳಿಗಳನ್ನು ಮನೆಯಂಗಳದಲ್ಲಿ ಕಾಪಾಡಿಕೊಂಡು ಬಂದವರಿಗೆ, ತಾವಿಲ್ಲಿದ್ದೆವೆಂದು ರುಜುವಾತು ಮಾಡುವ ಹೊರೆ!

ಈ ತಾಲೂಕಿಗೆ ಆಯ್ಕೆಯಿಲ್ಲದ ಸ್ಥಳಾಂತರ ಹೊಸದಲ್ಲ. ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ತಾಲೂಕಿಗೆ ಹೆಸರು ಕೊಟ್ಟ ಊರೇ ಮುಳುಗಿತು. ಅಲ್ಲಿಯ ಜನ ರಾಮನಗರಕ್ಕೆ ಹೋದರು. ಅಂದು ‘ದೇಶಕ್ಕೆ ವಿದ್ಯುತ್ತು’ ಎಂದರು, ಇಂದು ‘ದೇಶಕ್ಕೆ ಹುಲಿ’ ಎನ್ನುತ್ತಾರೆ. ಸ್ವಯಂಪ್ರೇರಿತವೆಂಬ ಅಲಂಕಾರ ಮಾತ್ರ ಈಚಿನದು.

ಪರಿಸರವಾದಿಗಳಿಗೂ ಒಂದು ಮಾತು ಸಲ್ಲಬೇಕು. ಓದಿದ ಹುಡುಗ ಗೋವೆಗೋ ದಾಂಡೇಲಿಗೋ ಹೋಗಬಯಸಿದರೆ, ಸೊಸೆ ಆಸ್ಪತ್ರೆಯ ಹತ್ತಿರ ಮನೆ ಬೇಕೆಂದರೆ ಅದು ದ್ರೋಹವಲ್ಲ. ‘ಕಾಡಿನ ಮಕ್ಕಳು ಕಾಡಿನಲ್ಲೇ ಇರಲಿ’ ಎಂದು ಪೇಟೆಯಲ್ಲಿ ಕೂತು ಹೇಳುವುದೂ ಇನ್ನೊಬ್ಬರ ಪರವಾಗಿ ಆರಿಸಿಬಿಡುವ ಅಹಂಕಾರವೇ. ಮನೆಯ ಯಜಮಾನನ ಸಹಿಯೊಂದೇ ಮನೆಯವರೆಲ್ಲರ ಇಚ್ಛೆಯೆಂದು ತಿಳಿಯುವುದರಲ್ಲಿ ಇಲಾಖೆಗೂ ಸಂಘಟನೆಗಳಿಗೂ ಹೆಚ್ಚಿನ ಭೇದ ಕಾಣುವುದಿಲ್ಲ. ಹೋಗುವವರು ಹೋಗಲಿ, ಆದರೆ ಉಳಿಯುವುದೂ ಬಾಳಲು ಯೋಗ್ಯವಾದ ದಾರಿಯಾಗಿದ್ದಾಗ ಹೋಗಲಿ.

ಅದಕ್ಕೆ ಹೊಸ ಕಾಯಿದೆ ಬೇಕಿಲ್ಲ. ಅರಣ್ಯ ಹಕ್ಕು ಕಾಯಿದೆಯ 3(2)ನೆಯ ಕಲಮಿನಲ್ಲಿ ಶಾಲೆ, ಔಷಧಾಲಯ, ವಿದ್ಯುತ್ ತಂತಿ, ರಸ್ತೆ ಸೇರಿ ಹದಿಮೂರು ಸೌಕರ್ಯಗಳಿಗೆ, ಪ್ರತಿಯೊಂದಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು ಗ್ರಾಮಸಭೆಯ ಶಿಫಾರಸಿನ ಮೇಲೆ ಕೊಡಬಹುದು. ಹೆಕ್ಟೇರಿಗೆ ಎಪ್ಪತ್ತೈದಕ್ಕಿಂತ ಹೆಚ್ಚು ಮರ ಬೀಳಬಾರದು, ಅಷ್ಟೇ. 2013ರಲ್ಲಿ ಒಡಿಶಾದ ನಿಯಮಗಿರಿಯಲ್ಲಿ ಹನ್ನೆರಡು ಗ್ರಾಮಸಭೆಗಳು, ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಕೂತು, ಬಾಕ್ಸೈಟ್ ಗಣಿಯನ್ನು ಒಂದೊಂದಾಗಿ ನಿರಾಕರಿಸಿದವು. ಅಲ್ಲಿ ಬೇಡವೆನ್ನಲು ಸಾಧ್ಯವಿತ್ತು. ಹನ್ನೆರಡೂ ಬೇಕೆಂದಿದ್ದರೂ ಆ ಮಾತಿಗೆ ಬೆಲೆಯಿರುತ್ತಿತ್ತು. ಉಳವಿ ಸೀಮೆಯ ಗ್ರಾಮಸಭೆಗಳು ಮೊದಲು ಹಕ್ಕಿನ ಅರ್ಜಿಗಳನ್ನೂ ಸೇತುವೆಯ ಶಿಫಾರಸನ್ನೂ ನಡಾವಳಿಯಲ್ಲಿ ಬರೆಸಲಿ. ಅವುಗಳಿಗೆ ಲಿಖಿತ ಉತ್ತರ ಬಂದ ಮೇಲೆ ಹದಿನೈದು ಲಕ್ಷದ ಕಾಗದವನ್ನು ಓದಿದರಾಯಿತು.