ಮಗಳಿಗೆ ಎಚ್‌ಪಿವಿ ಲಸಿಕೆ: ಅಂಜಿಕೆ ಬಿಟ್ಟು ವಿಚಾರ ಮಾಡೋಣ

ಕಳೆದ ತಿಂಗಳು ಬಸದಿಯಲ್ಲಿ ಅಭಿಷೇಕ ಮುಗಿದ ಮೇಲೆ ಒಬ್ಬ ಶ್ರಾವಕರು ನನ್ನನ್ನು ಬದಿಗೆ ಕರೆದರು. ಅವರ ಮಗಳು ಒಂಬತ್ತನೇ ತರಗತಿ. "ಅಣ್ಣಾ, ಡಾಕ್ಟರು ಮಗಳಿಗೆ ಎಚ್‌ಪಿವಿ ಲಸಿಕೆ ಹಾಕಿಸಿ ಅಂತಾರೆ. ನಮ್ಮ ಅವ್ವ ಬೇಡ ಅಂತಾರೆ. ಸಂಸ್ಕಾರವಂತ ಮನೆಯ ಹುಡುಗಿಗೆ ಇದೆಲ್ಲ ಯಾಕೆ?" ಎಂದು ಕೇಳಿದರು.

ಈ ಪ್ರಶ್ನೆ ಈಗ ನಮ್ಮ ಸಮಾಜದ ಹಲವು ಮನೆಗಳಲ್ಲಿದೆ. 2024ರ ಫೆಬ್ರವರಿಯ ಮಧ್ಯಂತರ ಬಜೆಟ್‌ನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಈ ಲಸಿಕೆಯನ್ನು ಪ್ರೋತ್ಸಾಹಿಸುವುದಾಗಿ ಹೇಳಿದ ಮೇಲೆ ಚರ್ಚೆ ಹೆಚ್ಚಾಗಿದೆ. ನಾನು ವೈದ್ಯನಲ್ಲ, ವ್ಯಾಪಾರಿ. ಆರೋಗ್ಯ ಶಿಬಿರಗಳಲ್ಲಿ ಸ್ವಯಂಸೇವಕನಾಗಿ ಓಡಾಡುವವನು. ತಿಳಿದಷ್ಟನ್ನು ಲೆಕ್ಕದಂತೆ ಮುಂದಿಡುತ್ತೇನೆ.

ರೋಗ ಎಷ್ಟು ದೊಡ್ಡದು?

ನಮ್ಮ ದೇಶದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಹೆಚ್ಚು ಕಾಣುವುದು ಗರ್ಭಕಂಠದ ಕ್ಯಾನ್ಸರ್. 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಆ ವರ್ಷ ಸುಮಾರು 1.27 ಲಕ್ಷ ಹೊಸ ರೋಗಿಗಳು, ಸುಮಾರು 80 ಸಾವಿರ ಸಾವು. ಬಹುತೇಕ ಎಲ್ಲಕ್ಕೂ ಕಾರಣ ಎಚ್‌ಪಿವಿ ಎಂಬ ವೈರಾಣು. ಅದರಲ್ಲಿ 16 ಮತ್ತು 18 ಎಂಬ ಎರಡು ಬಗೆಗಳೇ ಶೇ. 70ರಷ್ಟಕ್ಕೆ ಕಾರಣ. ಸೋಂಕು ತಗುಲಿದವರಲ್ಲಿ ಹೆಚ್ಚಿನವರಿಗೆ ಅದು ತಾನಾಗಿ ಹೋಗುತ್ತದೆ. ಕೆಲವರಲ್ಲಿ ಉಳಿದು, 15–20 ವರ್ಷಗಳ ನಂತರ ಕ್ಯಾನ್ಸರ್ ಆಗುತ್ತದೆ. ಅಷ್ಟರಲ್ಲಿ ಆಕೆ ಎರಡು ಮಕ್ಕಳ ತಾಯಿಯಾಗಿ, ಇಡೀ ಮನೆ ಅವಳ ಮೇಲೆ ನಿಂತಿರುತ್ತದೆ.

ಇಂಗ್ಲೆಂಡಿನಲ್ಲಿ 12–13ನೇ ವಯಸ್ಸಿನಲ್ಲಿ ಲಸಿಕೆಗೆ ಅರ್ಹರಾಗಿದ್ದ ಹುಡುಗಿಯರಲ್ಲಿ ಈ ಕ್ಯಾನ್ಸರ್ ಶೇ. 87ರಷ್ಟು ಇಳಿದಿದೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ.

ಸಂಸ್ಕಾರದ ಮಾತು

ಈ ವೈರಾಣು ಮುಖ್ಯವಾಗಿ ದೈಹಿಕ ಸಂಬಂಧದಿಂದ ಹರಡುತ್ತದೆ. ಹಿರಿಯರ ಮುಜುಗರಕ್ಕೆ ಇದೇ ಮೂಲ. ಆದರೆ ಶೀಲವನ್ನು ಪೂರ್ತಿ ಕಾಪಾಡಿಕೊಂಡ ಹುಡುಗಿಗೂ ಮದುವೆಯ ನಂತರ ಗಂಡನಿಂದ ಇದು ಬರಬಹುದು. ಸೋಂಕಿರುವುದು ಅವನಿಗೇ ಗೊತ್ತಿರುವುದಿಲ್ಲ. ನಾವು ವರ ನೋಡುವಾಗ ಮನೆತನ, ವ್ಯಾಪಾರ, ಜಾತಕ ಎಲ್ಲ ನೋಡುತ್ತೇವೆ. ಈ ವೈರಾಣು ಯಾವ ಜಾತಕದಲ್ಲೂ ಕಾಣುವುದಿಲ್ಲ.

ಇನ್ನೊಂದು ಮಾತು. ಹೆಪಟೈಟಿಸ್ ಬಿ ಕೂಡ ದೈಹಿಕ ಸಂಬಂಧದಿಂದ ಹರಡಬಲ್ಲ ರೋಗವೇ. ಅದರ ಲಸಿಕೆಯನ್ನು ಹುಟ್ಟಿದ ದಿನವೇ ಕೂಸಿಗೆ ಹಾಕಿಸುತ್ತೇವೆ. ಆಗ ಯಾರೂ ಸಂಸ್ಕಾರದ ಪ್ರಶ್ನೆ ಎತ್ತಲಿಲ್ಲ.

ಅಹಿಂಸೆಯ ದೃಷ್ಟಿ

ಲಸಿಕೆಯಲ್ಲಿ ಏನಿದೆ ಎಂದು ಕೇಳುವುದು ಜೈನರಿಗೆ ಸಹಜ. ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್ ಮತ್ತು ವಿದೇಶಿ ಗಾರ್ಡಸಿಲ್ ಎರಡನ್ನೂ ಯೀಸ್ಟ್ ಬಳಸಿ ತಯಾರಿಸುತ್ತಾರೆ. ಇವುಗಳಲ್ಲಿ ಜೀವಂತ ವೈರಾಣು ಇಲ್ಲ, ಅದರ ಹೊರಕವಚವನ್ನು ಹೋಲುವ ಪ್ರೋಟೀನ್ ಮಾತ್ರ. ತಯಾರಿಕೆಗೆ ಮೊಟ್ಟೆ ಬೇಕಿಲ್ಲ. ಘಟಕಗಳ ಪಟ್ಟಿಯಲ್ಲಿ ಜೆಲಟಿನ್ ಇಲ್ಲ.

ಯೀಸ್ಟ್ ಕೂಡ ಜೀವವೇ ಎಂಬುದು ಸರಿ. ಆದರೆ ಶ್ರಾವಕನು ಪೂರ್ತಿ ಬಿಡಬೇಕಾದುದು ಸಂಕಲ್ಪೀ ಹಿಂಸೆ. ಗೃಹಸ್ಥನ ಬಾಳಿನಲ್ಲಿ ತಪ್ಪದ ಆರಂಭೀ ಹಿಂಸೆಯನ್ನು ವಿವೇಕದಿಂದ ಕಡಿಮೆ ಮಾಡಿಕೊಳ್ಳಬೇಕು. ನಾಲ್ಕು ದಾನಗಳಲ್ಲಿ ಔಷಧ ದಾನವನ್ನೂ ಸೇರಿಸಿದ ಧರ್ಮ ನಮ್ಮದು. ಇದು ನನ್ನ ತಿಳಿವಳಿಕೆ. ಸಂಶಯವಿದ್ದವರು ತಮ್ಮ ಗುರುಗಳನ್ನು ಕೇಳಿಯೇ ಮುಂದುವರಿಯಲಿ.

ಹಳೆಯ ಭಯ

"ಲಸಿಕೆಯಿಂದ ಹುಡುಗಿಯರು ಸತ್ತರಂತೆ" ಎಂಬ ಸಂದೇಶ ವಾಟ್ಸಪ್‌ನಲ್ಲಿ ತಿರುಗುತ್ತಿರುತ್ತದೆ. ಅದರ ಹಿಂದೆ ನಿಜ ಸಂಗತಿ ಇದೆ. 2009ರಲ್ಲಿ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಪ್ರಾಯೋಗಿಕ ಯೋಜನೆ ನಡೆದಾಗ ಏಳು ಬಾಲಕಿಯರು ತೀರಿಕೊಂಡರು. 2010ರಲ್ಲಿ ಯೋಜನೆ ನಿಲ್ಲಿಸಲಾಯಿತು. ಆ ಸಾವುಗಳಿಗೆ ಲಸಿಕೆ ಕಾರಣವಾಗಿರುವ ಸಂಭವ ಇಲ್ಲವೆಂಬಷ್ಟು ಕಡಿಮೆ ಎಂದು ತನಿಖೆ ಹೇಳಿತು. ಆದರೆ ಪಾಲಕರ ಒಪ್ಪಿಗೆ ಪಡೆದ ರೀತಿಯನ್ನು ಸಂಸದೀಯ ಸಮಿತಿ 2013ರಲ್ಲಿ ಕಟುವಾಗಿ ಟೀಕಿಸಿತು. ಹಲವು ಕಡೆ ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು. ನಾವು ಕಲಿಯಬೇಕಾದ ಪಾಠ ಇದು: ಓದದೆ, ಕೇಳದೆ ಯಾವ ಕಾಗದಕ್ಕೂ ಸಹಿ ಮಾಡಬಾರದು. ಮಗಳಿಗೂ ವಿಷಯ ಹೇಳಿ ಒಪ್ಪಿಸಬೇಕು.

ಚುಚ್ಚಿದ ಜಾಗದಲ್ಲಿ ನೋವು, ಸಣ್ಣ ಜ್ವರ, ತಲೆನೋವು ಬರಬಹುದು. ಕೆಲ ಹುಡುಗಿಯರಿಗೆ ತಲೆಸುತ್ತು ಬರುತ್ತದೆ. ಆದ್ದರಿಂದ 15 ನಿಮಿಷ ಅಲ್ಲೇ ಕೂರಿಸಬೇಕು. ದಶಲಕ್ಷಣ ಪರ್ವದ ಉಪವಾಸದ ದಿನ ಕರೆದೊಯ್ಯಬೇಡಿ. ಮುಂದೆ ಮಕ್ಕಳಾಗುವುದಿಲ್ಲ ಎಂಬ ಮಾತಿಗೆ ಆಧಾರವಿಲ್ಲ. ಹಿಂದೆ ಯಾವುದಾದರೂ ಲಸಿಕೆಗೆ ತೀವ್ರ ಅಲರ್ಜಿ ಆಗಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿ.

ಖರ್ಚು ಮತ್ತು ಸಮಯ

15 ತುಂಬುವ ಮೊದಲು ಆರಂಭಿಸಿದರೆ ಖಾಸಗಿಯಲ್ಲಿ ಸಾಮಾನ್ಯವಾಗಿ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, ನಂತರವಾದರೆ ಮೂರು. ಒಂದು ಡೋಸ್ ಕೂಡ ಸಾಕಾಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಸರ್ವಾವ್ಯಾಕ್ 2023ರಲ್ಲಿ ಮಾರುಕಟ್ಟೆಗೆ ಬಂದಾಗ ಡೋಸ್‌ಗೆ ಸುಮಾರು 2,000 ರೂಪಾಯಿ ಇತ್ತು. ಅದೇ ದರ ಹಿಡಿದರೆ ತಡ ಮಾಡಿದ್ದಕ್ಕೆ 2,000 ಹೆಚ್ಚು. ಹಣ ಕೊಡುವ ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆಯೇ ಎಂದು ಆಶಾ ಕಾರ್ಯಕರ್ತೆಯರನ್ನು ಕೇಳಿ. ಅನುಕೂಲವಿಲ್ಲದ ಮನೆಯ ಮಕ್ಕಳ ಖರ್ಚನ್ನು ಸ್ಥಳೀಯ ಮಹಿಳಾ ಸಮಾಜಗಳು ಔಷಧ ದಾನವೆಂದು ವಹಿಸಿಕೊಂಡರೆ ಪುಣ್ಯದ ಕೆಲಸ.

ಲಸಿಕೆ ಎಲ್ಲ ಬಗೆಯ ಎಚ್‌ಪಿವಿಯನ್ನೂ ತಡೆಯುವುದಿಲ್ಲ. ಆದ್ದರಿಂದ 30 ದಾಟಿದ ತಾಯಂದಿರು, ಮುಂದೆ ಈ ಹುಡುಗಿಯರೂ, ತಪಾಸಣೆ ಮಾಡಿಸಿಕೊಳ್ಳಲೇಬೇಕು.

ಆ ಶ್ರಾವಕರಿಗೆ ನಾನು ಹೇಳಿದ್ದು ಇಷ್ಟೇ: "ನನ್ನ ಮೊಮ್ಮಗಳಾಗಿದ್ದರೆ ನಾನು ಹಾಕಿಸುತ್ತಿದ್ದೆ. ಆದರೆ ನನ್ನ ಮಾತು ಕೇಳಿ ಹಾಕಿಸಬೇಡಿ. ಅವ್ವನನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅವರ ಪ್ರಶ್ನೆಯನ್ನು ಅವರೇ ಕೇಳಲಿ." ಮನೆಯ ಹಿರಿಯರನ್ನು ಬಿಟ್ಟು ಮಾಡಿದ ನಿರ್ಧಾರಕ್ಕಿಂತ ಅವರನ್ನು ಕೂರಿಸಿಕೊಂಡು ಮಾಡಿದ ನಿರ್ಧಾರ ಗಟ್ಟಿ.

ಜೈ ಜಿನೇಂದ್ರ.